ವಿಜಯಪುರದಲ್ಲಿ ಸಿಗುವ ವಿಶ್ವವಿಜ್ಞಾನ ನೋಟ್ಸ್: ಲ್ಯಾಂಬ್ಡಾ ಅಧ್ಯಾಯ ಕೊಳ್ಳುವಂತಿದೆಯೇ?

ವಿಜಯಪುರದ ಝೆರಾಕ್ಸ್ ಅಂಗಡಿಗಳಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದವರಿಗೆಂದು ಮಾರುವ ಸ್ಪೈರಲ್ ಬೈಂಡಿಂಗ್ ನೋಟ್ಸ್ ಇದು. 1917ರಲ್ಲಿ ಐನ್‌ಸ್ಟೈನ್ ತಮ್ಮ ಗುರುತ್ವ ಸಮೀಕರಣಕ್ಕೆ ಸೇರಿಸಿದ ವಿಶ್ವ ಸ್ಥಿರಾಂಕ, ಅಂದರೆ ಲ್ಯಾಂಬ್ಡಾ, ಏನೆಂಬುದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಎಡವಿರುವುದು ಏಕಮಾನದಲ್ಲಿ.

ಅಧ್ಯಾಯದ ಒಂದು ಪುಟದಲ್ಲಿ ಲ್ಯಾಂಬ್ಡಾದ ಬೆಲೆ 1.1×10⁻⁵², ಇನ್ನೊಂದರಲ್ಲಿ 10⁻³⁵, ಮತ್ತೊಂದರಲ್ಲಿ 6×10⁻²⁷. ಒಂದಕ್ಕೂ ಏಕಮಾನ ಬರೆದಿಲ್ಲ. ಓದುವವರು ಅಚ್ಚಿನ ತಪ್ಪೆಂದುಕೊಳ್ಳುತ್ತಾರೆ. ನಿಜಕ್ಕೂ ಮೂರೂ ಸರಿ, ಆದರೆ ಮೂರೂ ಬೇರೆ ಬೇರೆ ರಾಶಿಗಳು. ಮೊದಲನೆಯದೇ ಲ್ಯಾಂಬ್ಡಾ, ಸಮೀಕರಣದಲ್ಲಿ ಅದು ಕೂರುವುದು ದೇಶಕಾಲದ ವಕ್ರತೆಯ ಪಕ್ಕದಲ್ಲಿ, ಹಾಗಾಗಿ ಏಕಮಾನ ಮೀ⁻². ಅದನ್ನು ಬೆಳಕಿನ ವೇಗದ ವರ್ಗದಿಂದ ಗುಣಿಸಿದರೆ ಎರಡನೆಯದು, ಸೆ⁻². ಅದನ್ನು 8π ಮತ್ತು ಗುರುತ್ವ ಸ್ಥಿರಾಂಕದ ಗುಣಲಬ್ಧದಿಂದ ಭಾಗಿಸಿದರೆ ಮೂರನೆಯದು: ಸಾಂದ್ರತೆ, ಘನ ಮೀಟರಿಗೆ ಇಷ್ಟು ಕಿಲೋಗ್ರಾಂ ಎಂದು. ಈ ನಾಲ್ಕು ಸಾಲು ಇದ್ದಿದ್ದರೆ ಸಾಕಿತ್ತು.

ಋಣ ಒತ್ತಡದ ಭಾಗ ಮಾತ್ರ ಬಹಳ ಸೊಗಸು. ಲ್ಯಾಂಬ್ಡಾದ ಶಕ್ತಿಯಷ್ಟೇ ತುಂಬಿದ ಸಿಲಿಂಡರಿನ ಪಿಸ್ಟನ್ ಎಳೆದಾಗ ಜಾಗ ಹಿಗ್ಗುತ್ತದೆ, ಈ ಸಾಂದ್ರತೆ ಇಳಿಯುವುದಿಲ್ಲ. ಒಳಗಿನ ಶಕ್ತಿ ಹೆಚ್ಚುತ್ತದೆ. ಹೆಚ್ಚಿದ್ದು ಎಳೆದವರ ಶ್ರಮದಿಂದಲೇ ಬರಬೇಕು, ಆದ್ದರಿಂದ ಒತ್ತಡ ಋಣ. ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿರುವುದು 1998ರಲ್ಲಿ ಸೂಪರ್‌ನೋವಾಗಳಿಂದ, ಅಂದರೆ ಸಿಡಿಯುವ ನಕ್ಷತ್ರಗಳಿಂದ, ಗೊತ್ತಾಯಿತಲ್ಲ, ಅದಕ್ಕೆ ಕಾರಣ ಈ ಋಣ ಒತ್ತಡದಲ್ಲಿಯೇ ಸಿಗುತ್ತದೆ.

ಪ್ರಮಾಣದ ಅಂದಾಜಿಗೆ ಊರಿನ ಉದಾಹರಣೆಯೊಂದನ್ನು ಕೊಡಬಹುದಿತ್ತು. ಲ್ಯಾಂಬ್ಡಾದ ಶಕ್ತಿಸಾಂದ್ರತೆ ಘನ ಮೀಟರಿಗೆ ಸುಮಾರು 5.3×10⁻¹⁰ ಜೂಲ್. ಗೋಲಗುಮ್ಮಟದ ಒಳಜಾಗವನ್ನು ಧಾರಾಳವಾಗಿ ಒಂದು ಲಕ್ಷ ಘನ ಮೀಟರ್ ಎಂದು ಹಿಡಿದರೂ, ಅದರೊಳಗಿನ ಒಟ್ಟು ಶಕ್ತಿ ಒಂದು ಗ್ರಾಂ ತೂಕವನ್ನು ಅರ್ಧ ಸೆಂಟಿಮೀಟರ್ ಎತ್ತುವಷ್ಟೇ. ಸೌರವ್ಯೂಹದ ಲೆಕ್ಕದಲ್ಲಿ ಲ್ಯಾಂಬ್ಡಾವನ್ನು ಬಿಟ್ಟುಬಿಡುವುದು ಇದಕ್ಕೇ.

ಲ್ಯಾಂಬ್ಡಾ ಕಂಡುಹಿಡಿಯುವ ಮಾದರಿ ಲೆಕ್ಕದ ಉತ್ತರ 10⁻⁵⁸ ಎಂದಿದೆ, ಅದು ತಪ್ಪು. ವಿಶ್ವ ಹಿಗ್ಗುವ ದರವಾದ ಹಬಲ್ ಸ್ಥಿರಾಂಕ ಮೆಗಾಪಾರ್ಸೆಕ್ಕಿಗೆ (ಖಗೋಳ ದೂರದ ಏಕಮಾನ) ಸೆಕೆಂಡಿಗೆ 67.4 ಕಿಲೋಮೀಟರ್; ಅದರಲ್ಲಿ ಮೆಗಾಪಾರ್ಸೆಕ್ಕನ್ನು ಮೀಟರಿಗೆ (3.086×10²²) ತಂದವರು ಕಿಲೋಮೀಟರನ್ನು ಹಾಗೇ ಬಿಟ್ಟಿದ್ದಾರೆ. ಸಾವಿರದ ತಪ್ಪು ವರ್ಗವಾದಾಗ ಹತ್ತು ಲಕ್ಷವಾಗುತ್ತದೆ. ಸರಿಪಡಿಸಿ, ವರ್ಗ ಮಾಡಿ, ವಿಶ್ವದ ಒಟ್ಟು ಶಕ್ತಿಯಲ್ಲಿ ಲ್ಯಾಂಬ್ಡಾದ 0.685 ಪಾಲು ಹಾಕಿ, 3ರಿಂದ ಗುಣಿಸಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ 1.09×10⁻⁵² ಮೀ⁻² ಸಿಗುತ್ತದೆ.

ಪಿಸ್ಟನ್ ಭಾಗವೊಂದಕ್ಕಾದರೂ ಕೊಳ್ಳಬಹುದು. ಪ್ರತಿಯ ಪ್ರತಿ ತೆಗೆದದ್ದಾದರೆ ಘಾತದ ಮೈನಸ್ ಗುರುತು ಅಳಿಸಿಹೋಗಿರುತ್ತದೆ; ಅಂಗಡಿಯಲ್ಲೇ ಪುಟ ತೆರೆದು ನೋಡಿ ಹಣ ಕೊಡಿ.