ಚಿಪ್ಸಾ, ಪಾಪ್‌ಕಾರ್ನಾ? ಕಿಡ್ನಿ ತೊಂದ್ರೆ ಇರೋರು ಯಾವ್ದನ್ನ ಆರಿಸ್ಕೋಬೇಕು

ಸಿಕೆಡಿ, ಅಂದ್ರೆ ದೀರ್ಘಕಾಲದ ಕಿಡ್ನಿ ಕಾಯಿಲೆ ಇರೋರಿಗೆ ಸಾಮಾನ್ಯವಾಗಿ ಹೇಳೋ ಮಿತಿ ದಿನಕ್ಕೆ 2 ಗ್ರಾಂ ಸೋಡಿಯಂ ಒಳಗೆ, ಅಂದ್ರೆ ಸುಮಾರು 5 ಗ್ರಾಂ ಉಪ್ಪು, ಅದೂ ಮೂರು ಹೊತ್ತಿನ ಊಟ ಎಲ್ಲಾ ಸೇರಿ.

ಆಲೂಗಡ್ಡೆ ಚಿಪ್ಸ್ ತಗೊಳ್ಳಿ, ಒಂದು ಹಿಡಿ ಅಂದ್ರೆ 28 ಗ್ರಾಂಗೆ ಸೋಡಿಯಂ ಹೆಚ್ಚುಕಮ್ಮಿ 150 ಮಿಲಿಗ್ರಾಂ, ಕೇಳೋಕೆ ಕಮ್ಮಿನೇ ಅನ್ಸುತ್ತೆ, ಆದ್ರೆ ಸೋತ ಕಿಡ್ನಿ ಸರಿಯಾಗಿ ಹೊರಹಾಕದ ಪೊಟ್ಯಾಸಿಯಂ 300 ಮಿಲಿಗ್ರಾಂ ದಾಟುತ್ತೆ, ಮತ್ತೆ ಒಂದು ಹಿಡಿಗೆ ನಿಲ್ಲಿಸೋರು ಯಾರಿದ್ದಾರೆ ಹೇಳಿ! ಬ್ಲಡ್ ಟೆಸ್ಟಲ್ಲಿ ಪೊಟ್ಯಾಸಿಯಂ ಜಾಸ್ತಿ ಬರ್ತಿದ್ರೆ ಚಿಪ್ಸ್ ಬಿಡೋದೇ ವಾಸಿ.

ಉಪ್ಪು ಹಾಕದೆ ಮನೇಲಿ ಹುರಿದ ಪಾಪ್‌ಕಾರ್ನ್‌ಗೆ ನನ್ನ ವೋಟು. ಸೋಡಿಯಂ ಇಲ್ವೇ ಇಲ್ಲ ಅನ್ನೋಷ್ಟು ಕಮ್ಮಿ, ಪೊಟ್ಯಾಸಿಯಂ ಅಷ್ಟೇ ತೂಕದ ಚಿಪ್ಸಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇರಲ್ಲ, ಸ್ವಲ್ಪಕ್ಕೇ ಬಟ್ಟಲು ತುಂಬುತ್ತೆ. ಸಪ್ಪೆ ಅನ್ಸಿದ್ರೆ ಕಾಳುಮೆಣಸಿನ ಪುಡಿ, ಬೆಳ್ಳುಳ್ಳಿ ಪುಡಿ ಉದುರಿಸಿ. ರೆಡಿ ಮೈಕ್ರೋವೇವ್ ಪ್ಯಾಕೆಟ್ ಬೇರೆ ಕಥೆ, ಅದ್ರಲ್ಲಿ ಉಪ್ಪು ಮೊದಲೇ ಇರುತ್ತೆ.

ನಟ್ಸ್ ಉಪ್ಪಿಲ್ಲದ್ದಾದ್ರೆ ಸ್ವಲ್ಪ ಓಕೆ, ಪೊಟ್ಯಾಸಿಯಂ, ಅದ್ರಂತೇ ಕಿಡ್ನಿಗೆ ಹೊರೆಯಾಗೋ ಫಾಸ್ಫರಸ್ ಎರಡೂ ಇರುತ್ತೆ, ಆದ್ರೆ ಅದ್ರ ಫಾಸ್ಫರಸ್ ಪೂರ್ತಿ ಮೈಗೆ ಹತ್ತಲ್ಲ. ಪ್ಯಾಕೆಟ್ ತಿಂಡಿಗೆ ಬೆರೆಸೋ ಫಾಸ್ಫೇಟ್ ಹಂಗಲ್ಲ, ಬಹುಪಾಲು ರಕ್ತಕ್ಕೆ ಸೇರುತ್ತೆ, ಹಾಗಾಗಿ ಲೇಬಲ್‌ನಲ್ಲಿ 'ಫಾಸ್' ಅಂತ ಎಲ್ಲಾದ್ರೂ ಕಂಡ್ರೆ ವಾಪಸ್ ಇಟ್ಬಿಡಿ.

ಇನ್ನೊಂದು, 'ಲೋ ಸೋಡಿಯಂ' ಉಪ್ಪು ನೋಡಿ ಖುಷಿಪಡ್ಬೇಡಿ, ಸಾಮಾನ್ಯವಾಗಿ ಅದ್ರಲ್ಲಿ ಒಂದಷ್ಟು ಸೋಡಿಯಂ ಬದ್ಲು ಪೊಟ್ಯಾಸಿಯಂ ಕ್ಲೋರೈಡ್ ಇರುತ್ತೆ, ಪೊಟ್ಯಾಸಿಯಂ ಏರಿದ್ರೆ ಹಾರ್ಟ್‌ಬೀಟೇ ತಪ್ಪಬಹುದು, ಡಾಕ್ಟರನ್ನ ಕೇಳದೆ ಅದನ್ನ ಮುಟ್ಲೇಬೇಡಿ.