ಹೊಸ ಹಾಡು ಬೇಕಾ? ಆ್ಯಪ್ ಕೇಳೋದೋ, ಗೆಳೆಯರನ್ನ ಕೇಳೋದೋ?

ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ ಡಿಸ್ಕವರ್ ವೀಕ್ಲಿ ಎಂಬ ಹಾಡಿನ ಪಟ್ಟಿ ಶುರುವಾಗಿದ್ದು 2015ರಲ್ಲಿ. ಪ್ರತಿ ಸೋಮವಾರ 30 ಹಾಡು. ನಿಮ್ಮಂಥದೇ ರುಚಿ ಇರುವವರು ಕೇಳಿದ, ನೀವಿನ್ನೂ ಕೇಳದ ಹಾಡುಗಳನ್ನು ಅದು ಹುಡುಕಿ ಕೊಡುತ್ತದೆ. ಇಷ್ಟವಾಗುವ ಸಾಧ್ಯತೆ ಜಾಸ್ತಿ. ಆದರೆ ನೀವು ಈಗಾಗಲೇ ಇರುವ ಜಾಗದ ಆಸುಪಾಸಿನಲ್ಲೇ ಸುತ್ತಾಡಿಸುತ್ತದೆ.

ಗೆಳೆಯರು ಹಾಗಲ್ಲ. ಮಂಗೋಲಿಯಾದ ಖೂಮಿ ಗಾಯನ ನನಗೆ ಸಿಕ್ಕಿದ್ದು ಒಬ್ಬ ಗೆಳತಿಯಿಂದ. ಒಬ್ಬನೇ ಹಾಡುಗಾರ, ಒಂದೇ ಗಂಟಲು, ಒಟ್ಟಿಗೆ ಎರಡು ಸ್ವರ! ಕೆಳಗೆ ಒಂದೇ ಸಮನೆ ಗುಂಯ್‌ಗುಡುವ ನಾದ, ಮೇಲೆ ಸಿಳ್ಳೆಯಂಥ ರಾಗ. "ಮೊದಲು ವಿಚಿತ್ರ ಅನ್ಸುತ್ತೆ, ನಿಲ್ಲಿಸಬೇಡ" ಅಂದಿದ್ದಳು. ಆ ಒಂದು ಮಾತಿಲ್ಲದಿದ್ದರೆ ಅರ್ಧ ನಿಮಿಷಕ್ಕೇ ಮುಂದೆ ಹೋಗಿಬಿಡುತ್ತಿದ್ದೆ. ಆ್ಯಪ್ ಹಾಡು ಕೊಡುತ್ತದೆ, ಇಂಥ ಮಾತು ಕೊಡುವುದಿಲ್ಲ.

ಇವೆರಡರ ನಡುವೆ ರೇಡಿಯೋ ನಿರೂಪಕರೂ ಇದ್ದಾರೆ. ಜಾನ್ ಪೀಲ್ 1967ರಿಂದ 2004ರವರೆಗೆ ಬಿಬಿಸಿ ರೇಡಿಯೋ 1ರಲ್ಲಿ ಎಷ್ಟೋ ಹೊಸ ತಂಡಗಳನ್ನು ಕೇಳಿಸಿದರು.

ಕೆಲಸದ ನಡುವೆ ಸುಮ್ನೆ ಹಾಡುತ್ತಿರಲಿ ಅಂದರೆ ಆ್ಯಪ್ ಸಾಕು. ಕಿವಿಗೆ ನಿಜಕ್ಕೂ ಹೊಸದು ಬೇಕಿದ್ದರೆ ನಾನು ಮನುಷ್ಯರನ್ನೇ ಆರಿಸುತ್ತೇನೆ. "ಏನು ಕೇಳಲಿ?" ಅನ್ನಬೇಡಿ. "ಈ ವಾರ ಮತ್ತೆ ಮತ್ತೆ ಹಾಕಿದ್ದು ಯಾವುದು?" ಅಂತ ಕೇಳಿ ನೋಡಿ.