ಹಡ್ಸನ್ ಸೇತುವೆಯೋ, ಕಿಂಜುವಾನೋ?

ನ್ಯೂಜೆರ್ಸಿಗೆ ಬಂದಿರುವ ಅಪ್ಪ ಅಮ್ಮನನ್ನು ಯಾವ ಹಳೇ ರೈಲು ಸೇತುವೆಗೆ ಕರೆದೊಯ್ಯಲಿ ಅಂತ ಕೇಳಿದ್ದೀರಿ. ಹಡ್ಸನ್, ಕಿಂಜುವಾ ಎರಡಕ್ಕೂ ಟಿಕೆಟ್ ಬೇಕಿಲ್ಲ.

ದೂರ ನೋಡಿದರೆ ನ್ಯೂಯಾರ್ಕ್ ರಾಜ್ಯದ ಪೊಕಿಪ್ಸಿ ಊರಿನ ಹಡ್ಸನ್ ಸೇತುವೆ ಸುಲಭ. ನ್ಯೂಯಾರ್ಕ್ ನಗರದಿಂದ ರೈಲಿನಲ್ಲಿ ಸುಮಾರು ಎರಡು ಗಂಟೆ. ಪೆನ್ಸಿಲ್ವೇನಿಯಾದ ಕಿಂಜುವಾಕ್ಕೆ ಕಾರೇ ಬೇಕು. ಹೋಗೋಕೇ ಅರ್ಧ ದಿನ, ಒಂದು ರಾತ್ರಿ ಉಳಿಯಲೇಬೇಕು.

ನಡಿಗೆಯ ಲೆಕ್ಕ ಉಲ್ಟಾ. 1889ರ ಹಡ್ಸನ್ ಸೇತುವೆ 1974ರ ಬೆಂಕಿಯ ನಂತರ ಪಾಳು ಬಿದ್ದಿತ್ತು. 2009ರಲ್ಲಿ ನಡೆಯುವವರಿಗೆ ತೆರೆಯಿತು. ಒಂದು ಕಡೆಗೇ ಎರಡು ಕಿ.ಮೀ., ನೆರಳು ಸ್ವಲ್ಪವೂ ಇಲ್ಲ. ನೆಲ ಸಮತಟ್ಟು, ನದಿ ತೀರದಿಂದ ಲಿಫ್ಟ್ ಇದೆ. ಹೊರಡುವ ಮುಂಚೆ ಅದು ನಡೆಯುತ್ತಿದೆಯಾ ನೋಡಿಕೊಳ್ಳಿ, ಚಳಿಗಾಲದಲ್ಲಿ ನಿಲ್ಲಿಸುತ್ತಾರೆ. ಮಂಡಿನೋವು ಇದ್ದರೆ ಕಿಂಜುವಾನೇ ವಾಸಿ, ಬರೀ 190 ಮೀಟರ್.

ಆದರೆ ಕಿಂಜುವಾ ಆಚೆ ದಡ ಮುಟ್ಟಿಸುವುದಿಲ್ಲ! 2003ರ ಸುಂಟರಗಾಳಿ ಸೇತುವೆ ಹೊತ್ತಿದ್ದ 20 ಗೋಪುರಗಳಲ್ಲಿ 11ನ್ನು ಕೆಡವಿತು. ಉಳಿದ ತುಂಡನ್ನೇ 2011ರಲ್ಲಿ ನಡಿಗೆಗೆ ಬಿಟ್ಟರು. ತುದಿಯಲ್ಲಿ ಗಾಜಿನ ನೆಲ, ಕೆಳಗೆ ಕಣಿವೆಯಲ್ಲಿ ಸೊಟ್ಟಗಾದ ಉಕ್ಕಿನ ರಾಶಿ. ನನಗಂತೂ ಅದೇ ಇಷ್ಟ. ಎತ್ತರಕ್ಕೆ ತಲೆ ಸುತ್ತುವವರಿಗೆ ಬೇಡ.

ಒಂದೇ ದಿನ ರಜೆ, ಕಾರಿಲ್ಲ ಅಂದರೆ ಹಡ್ಸನ್. ವಾರಾಂತ್ಯ ಪೂರ್ತಿ ಇದ್ದು, ಅಕ್ಟೋಬರಿನ ಎಲೆ ಬಣ್ಣವೂ ನೋಡಬೇಕಾದರೆ ಕಿಂಜುವಾ.